ಯಾವ ಆವೃತ್ತಿಯಲ್ಲಿ ಆಲಿಸಬೇಕು: ಬಾಹ್ಯಾಕಾಶದ ಸಂಕೇತಗಳಿಗೆ ರೇಡಿಯೊ ಪಟ್ಟಿಯ ಆಯ್ಕೆ

ಆಕಾಶದಿಂದ ಬರುವ ರೇಡಿಯೊ ಅಲೆಗಳೆಲ್ಲ ನೆಲ ಮುಟ್ಟುವುದಿಲ್ಲ. ಸುಮಾರು 10 ಮೆಗಾಹರ್ಟ್ಸ್‌ಗಿಂತ ಕೆಳಗಿನವನ್ನು ವಾತಾವರಣದ ಮೇಲಿನ ಅಯಾನುಗೋಳ ಹೊರಗಿನಿಂದಲೇ ಹಿಂದಕ್ಕೆ ಕಳಿಸಿಬಿಡುತ್ತದೆ. ಇನ್ನೊಂದು ತುದಿಯಲ್ಲಿ, ಹತ್ತಾರು ಗಿಗಾಹರ್ಟ್ಸ್ ದಾಟಿದ ಮೇಲೆ, ಗಾಳಿಯಲ್ಲಿರುವ ನೀರಾವಿ ಮತ್ತು ಆಮ್ಲಜನಕ ಅಲೆಗಳನ್ನು ಹೀರಿಕೊಳ್ಳತೊಡಗುತ್ತವೆ. 22 ಗಿಗಾಹರ್ಟ್ಸ್ ಸುತ್ತಮುತ್ತ ನೀರಾವಿಯ ಹಾವಳಿ, 60ರ ಸುತ್ತ ಆಮ್ಲಜನಕದ್ದು. ಈ ಎರಡು ಗೋಡೆಗಳ ನಡುವಿನ ಹರವೇ ಭೂಮಿಯ ರೇಡಿಯೊ ಕಿಟಕಿ. ಹರವು ದೊಡ್ಡದು. ಆದ್ದರಿಂದಲೇ ಅದರಲ್ಲಿ ಎಲ್ಲಿ ಕಿವಿಗೊಡಬೇಕು ಎಂಬುದು ರೇಡಿಯೊ ಖಗೋಳವಿಜ್ಞಾನದಷ್ಟೇ ಹಳೆಯ ಪ್ರಶ್ನೆ.

ಈ ಪ್ರಶ್ನೆಯನ್ನು ಕೇಳಿಕೊಳ್ಳದೆ ಆಲಿಸಲು ಹೊರಟರೆ ಏನಾಗುತ್ತದೆ ಎಂಬುದಕ್ಕೆ 1924ರ ಆಗಸ್ಟ್ ತಿಂಗಳು ಸಾಕ್ಷಿ. ಮಂಗಳ ಗ್ರಹ ಭೂಮಿಗೆ ತೀರ ಹತ್ತಿರ ಬಂದಿತ್ತು. ಅಲ್ಲಿಂದ ಯಾರಾದರೂ ಸಂಕೇತ ಕಳಿಸಿಯಾರೆಂಬ ನಿರೀಕ್ಷೆಯಲ್ಲಿ ಖಗೋಳವಿಜ್ಞಾನಿ ಡೇವಿಡ್ ಟಾಡ್ ಅಮೆರಿಕದ ರೇಡಿಯೊ ನಿಲಯಗಳು ಗಂಟೆಗೊಮ್ಮೆ ಐದು ನಿಮಿಷ ಮೌನವಾಗಿರಬೇಕೆಂದು ಕೋರಿದರು. ಏನಾದರೂ ಅಸಾಮಾನ್ಯವಾದದ್ದು ಕೇಳಿದರೆ ತಿಳಿಸಬೇಕೆಂದು ಅಲ್ಲಿನ ನೌಕಾಪಡೆ ತನ್ನ ನಿಲಯಗಳಿಗೆ ಸೂಚನೆ ಕೊಟ್ಟಿತು. ಆದರೆ ಆ ಕಾಲದ ದೂರಸಂಪರ್ಕ ಹೆಚ್ಚಾಗಿ ನಡೆಯುತ್ತಿದ್ದುದು ದೀರ್ಘ ಅಲೆಗಳಲ್ಲಿ; ಮಂಗಳದಿಂದ ಅಂಥ ಅಲೆಗಳು ಹೊರಟರೂ ಅಯಾನುಗೋಳದ ಹೊರಗೇ ಉಳಿಯುತ್ತಿದ್ದವು. ಅದೇ ವರ್ಷದ ಡಿಸೆಂಬರಿನಲ್ಲಿ ಇಂಗ್ಲೆಂಡಿನಲ್ಲಿ ಎಡ್ವರ್ಡ್ ಆ್ಯಪಲ್‌ಟನ್ ಆ ಪದರದ ಇರವನ್ನು ಪ್ರಯೋಗದಿಂದ ತೋರಿಸಿದರು. ನಾಲ್ಕು ತಿಂಗಳು ಮೊದಲು ಒಂದು ದೇಶವೇ ಕಿವಿಗೊಟ್ಟು ಕುಳಿತದ್ದು ಮುಚ್ಚಿದ ಬಾಗಿಲ ಮುಂದೆ.

ಬಾಗಿಲು ತೆರೆದದ್ದು ಬೇರೆ ಕೆಲಸದ ನಡುವೆ. ಬೆಲ್ ಪ್ರಯೋಗಾಲಯದ ಕಾರ್ಲ್ ಜಾನ್‌ಸ್ಕಿ ಸಾಗರದಾಚೆಯ ದೂರವಾಣಿ ಸಂಪರ್ಕಕ್ಕೆ ಅಡ್ಡಿಯಾಗುತ್ತಿದ್ದ ಕರಕರ ಸದ್ದಿನ ಮೂಲವನ್ನು 20.5 ಮೆಗಾಹರ್ಟ್ಸ್‌ನಲ್ಲಿ ಹುಡುಕುತ್ತಿದ್ದರು. ಸಿಡಿಲಿನ ಸದ್ದನ್ನು ಕಳೆದ ಮೇಲೂ ಉಳಿದ ಒಂದು ಸಣ್ಣ ಸುಯ್ಯೆನ್ನುವ ಸದ್ದು ಆಕಾಶಗಂಗೆಯಿಂದ ಬರುತ್ತಿದೆ ಎಂದು ಅವರು 1933ರಲ್ಲಿ ಪ್ರಕಟಿಸಿದರು. ರೇಡಿಯೊ ಖಗೋಳವಿಜ್ಞಾನ ಹುಟ್ಟಿದ್ದೇ ಹೀಗೆ, ಗದ್ದಲವೊಂದರ ಪತ್ತೆಯಿಂದ. ಮುಂದೆ ಆವೃತ್ತಿಯ ಆಯ್ಕೆಯಲ್ಲಿ ಮೊದಲ ಮಾತು ಆಡಿದ್ದೂ ಅದೇ ಗದ್ದಲ.

ರೇಡಿಯೊ ತಂತ್ರಜ್ಞರು ಗದ್ದಲವನ್ನು ಉಷ್ಣತೆಯ ಅಳತೆಯಲ್ಲಿ, ಕೆಲ್ವಿನ್‌ಗಳಲ್ಲಿ, ಹೇಳುತ್ತಾರೆ. ಆಕಾಶಗಂಗೆಯ ಕಾಂತಕ್ಷೇತ್ರಗಳಲ್ಲಿ ಸುತ್ತುವ ವೇಗದ ಎಲೆಕ್ಟ್ರಾನ್‌ಗಳು ಹೊಮ್ಮಿಸುವ ಗದ್ದಲ ಕೆಳ ಆವೃತ್ತಿಗಳಲ್ಲಿ ಅತಿ ಜೋರು. 100 ಮೆಗಾಹರ್ಟ್ಸ್‌ನಲ್ಲಿ ಅದು ನೂರಾರು ಕೆಲ್ವಿನ್. ಆವೃತ್ತಿ ಇಮ್ಮಡಿಯಾದಂತೆ ಹೆಚ್ಚುಕಡಿಮೆ ಆರನೆಯ ಒಂದು ಭಾಗಕ್ಕೆ ಇಳಿಯುತ್ತ ಹೋಗಿ, 1,400 ಮೆಗಾಹರ್ಟ್ಸ್ ಹೊತ್ತಿಗೆ ಆಕಾಶಗಂಗೆಯ ಪಟ್ಟೆಯಿಂದ ದೂರದಲ್ಲಿ ಸುಮಾರು ಒಂದು ಕೆಲ್ವಿನ್‌ಗೆ ಬರುತ್ತದೆ. ಮೇಲಿನ ತುದಿಯಿಂದ ಇನ್ನೊಂದು ಗದ್ದಲ ಏರಿ ಬರುತ್ತದೆ. ಅಲೆಯ ಶಕ್ತಿ ಫೋಟಾನ್‌ಗಳೆಂಬ ತುಣುಕುಗಳಾಗಿ ಬರುವುದರಿಂದ ಹುಟ್ಟುವ ಈ ಕ್ವಾಂಟಮ್ ಗದ್ದಲ ಆವೃತ್ತಿಯ ಜೊತೆಗೆ ಸಮನಾಗಿ ಹೆಚ್ಚುತ್ತದೆ. ಎಷ್ಟೇ ಉತ್ತಮ ಗ್ರಾಹಕ ಕಟ್ಟಿದರೂ ಅದನ್ನು ಕಳೆಯಲಾಗದು. ಎರಡರ ನಡುವೆ, ಎಲ್ಲ ದಿಕ್ಕಿನಿಂದಲೂ ಸಮನಾಗಿ ಬರುವ ವಿಶ್ವದ ಹಿನ್ನೆಲೆ ವಿಕಿರಣದ 2.7 ಕೆಲ್ವಿನ್ ನೆಲಗಟ್ಟಿದೆ. ಬೆಲ್ ಪ್ರಯೋಗಾಲಯದಲ್ಲೇ ಆರ್ನೊ ಪೆಂಜಿಯಾಸ್ ಮತ್ತು ರಾಬರ್ಟ್ ವಿಲ್ಸನ್ 1965ರಲ್ಲಿ ವರದಿ ಮಾಡಿದ್ದು ಇದನ್ನೇ. ಇವುಗಳಿಗೆ ಗಾಳಿಯ ಪಾಲನ್ನೂ ಕೂಡಿಸಿ ನಕ್ಷೆ ಬರೆದರೆ ಸುಮಾರು 1ರಿಂದ 10 ಗಿಗಾಹರ್ಟ್ಸ್‌ವರೆಗೆ ಒಂದು ಅಗಲವಾದ ಕಣಿವೆ ಕಾಣುತ್ತದೆ. ಬೇರೊಂದು ಗ್ರಹದ ಗಾಳಿ ಬೇರೆಯಿರಬಹುದು, ಆಕಾಶಗಂಗೆಯ ಗದ್ದಲ ಮತ್ತು ಹಿನ್ನೆಲೆ ವಿಕಿರಣ ಮಾತ್ರ ಎಲ್ಲರಿಗೂ ಒಂದೇ. ಕಣಿವೆಯ ತಳ ಅಲ್ಲಿದ್ದವರಿಗೂ ಬಹುಮಟ್ಟಿಗೆ ಇಲ್ಲೇ ಕಾಣಬೇಕು.

ಕಣಿವೆ ಸಿಕ್ಕಿದರೂ ಆಯ್ಕೆ ಮುಗಿಯಲಿಲ್ಲ. ನಕ್ಷತ್ರಗಳ ನಡುವಿನ ಅಂತರಕ್ಕೆ ಸಾಕಾಗುವ ಸಂಕೇತ ಕಳಿಸಬೇಕಾದರೆ ಇರುವ ಶಕ್ತಿಯನ್ನೆಲ್ಲ ತೀರ ಕಿರಿದಾದ ಪಟ್ಟಿಯಲ್ಲಿ ತುಂಬುವುದು ಲೇಸು. 100 ಹರ್ಟ್ಸ್ ಅಗಲದ ಗ್ರಾಹಕ 1 ಹರ್ಟ್ಸ್‌ನದಕ್ಕಿಂತ ನೂರು ಪಟ್ಟು ಗದ್ದಲವನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಕಿರಿದಾದ ಪಟ್ಟಿಗೆ ಇನ್ನೊಂದು ಗುಣವಿದೆ: ನಿಸರ್ಗದ ರೇಡಿಯೊ ಮೂಲಗಳಲ್ಲಿ ಅತಿ ಕಿರಿದಾದ, ಅನಿಲದ ಮೋಡಗಳು ತಾವಾಗಿ ವರ್ಧಿಸುವ ಅಲೆಗಳಾದ ಮೇಸರ್‌ಗಳ ರೇಖೆಗಳೂ ನೂರಾರು ಹರ್ಟ್ಸ್ ಅಗಲವಿರುವುದರಿಂದ, ಕೆಲವೇ ಹರ್ಟ್ಸ್ ಅಗಲದ ಸಂಕೇತ ಕಂಡರೆ ಅದು ಯಂತ್ರದ್ದೇ ಎನ್ನಬಹುದು. ಆದರೆ 1ರಿಂದ 10 ಗಿಗಾಹರ್ಟ್ಸ್ ಕಣಿವೆಯನ್ನು ಒಂದೊಂದು ಹರ್ಟ್ಸ್ ಅಗಲದ ಓಣಿಗಳಾಗಿ ಸೀಳಿದರೆ ಓಣಿಗಳ ಸಂಖ್ಯೆ 900 ಕೋಟಿ. 1950ರ ದಶಕದ ಗ್ರಾಹಕಗಳು ಒಂದು ಸಲಕ್ಕೆ ಒಂದೇ ಓಣಿಯಲ್ಲಿ ನಿಂತು ಕೇಳುತ್ತಿದ್ದವು. ಮಾತುಕತೆಯಿಲ್ಲದೆ ಕಳಿಸುವವರು ಮತ್ತು ಕೇಳುವವರು ಇಬ್ಬರೂ ಒಂದೇ ಓಣಿಗೆ ಬರುವುದು ಹೇಗೆ?

ಅರ್ಥಶಾಸ್ತ್ರಜ್ಞ ಥಾಮಸ್ ಶೆಲಿಂಗ್ 1960ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಇಂಥದೇ ಸಮಸ್ಯೆಯನ್ನು ಚರ್ಚಿಸಿದ್ದರು. ನ್ಯೂಯಾರ್ಕಿನಲ್ಲಿ ಒಬ್ಬರನ್ನು ಭೇಟಿಯಾಗಬೇಕು, ಆದರೆ ಜಾಗವಾಗಲಿ ಹೊತ್ತಾಗಲಿ ನಿಗದಿಯಾಗಿಲ್ಲ; ಎಲ್ಲಿ ಯಾವಾಗ ಹೋಗುತ್ತೀರಿ ಎಂದು ಅವರು ಕೇಳಿದಾಗ ಬಹಳ ಮಂದಿ ಕೊಟ್ಟ ಉತ್ತರ ಗ್ರ್ಯಾಂಡ್ ಸೆಂಟ್ರಲ್ ರೈಲು ನಿಲ್ದಾಣ, ಮಧ್ಯಾಹ್ನ ಹನ್ನೆರಡು ಗಂಟೆ. ತನಗೆ ಅನುಕೂಲವಾದ ಜಾಗಕ್ಕಿಂತ, ಇನ್ನೊಬ್ಬ ತನ್ನ ಬಗ್ಗೆ ಏನು ಊಹಿಸಿಯಾನು ಎಂದು ಊಹಿಸಿ ಆರಿಸಿದ ಜಾಗವೇ ಇಲ್ಲಿ ಕೆಲಸಕ್ಕೆ ಬರುತ್ತದೆ. ಆಕಾಶದಲ್ಲಿ ಅಂಥ ನಿಲ್ದಾಣವನ್ನು ಶೆಲಿಂಗ್‌ಗಿಂತ ಒಂದು ವರ್ಷ ಮೊದಲೇ ಇಬ್ಬರು ಭೌತವಿಜ್ಞಾನಿಗಳು ಗುರುತಿಸಿದ್ದರು.

ಕಾರ್ನೆಲ್ ವಿಶ್ವವಿದ್ಯಾಲಯದ ಜುಸೆಪ್ಪೆ ಕೊಕೋನಿ ಮತ್ತು ಫಿಲಿಪ್ ಮಾರಿಸನ್ 1959ರ ಸೆಪ್ಟೆಂಬರ್ 19ರ 'ನೇಚರ್' ಪತ್ರಿಕೆಯಲ್ಲಿ ಸೂಚಿಸಿದ್ದು 1,420 ಮೆಗಾಹರ್ಟ್ಸ್ ಅನ್ನು. ಹೈಡ್ರೋಜನ್ ಪರಮಾಣುವಿನ ಪ್ರೋಟಾನ್ ಮತ್ತು ಎಲೆಕ್ಟ್ರಾನ್‌ಗಳ ಗಿರಕಿಗಳು ಒಂದೇ ದಿಕ್ಕಿಗಿರುವ ಸ್ಥಿತಿಯಿಂದ ವಿರುದ್ಧ ದಿಕ್ಕಿಗಿರುವ ಸ್ಥಿತಿಗೆ ಬಂದಾಗ ಹೊಮ್ಮುವ ಅಲೆಯ, ಅಂದರೆ ಹೈಡ್ರೋಜನ್ ರೇಖೆಯ, ಆವೃತ್ತಿ ಇದು, ಕರಾರುವಾಕ್ಕಾಗಿ 1420.4058 ಮೆಗಾಹರ್ಟ್ಸ್, ತರಂಗದೂರ 21 ಸೆಂಟಿಮೀಟರ್. ತಾನಾಗಿ ಬಿಟ್ಟರೆ ಒಂದು ಪರಮಾಣು ಹೀಗೆ ಮಗುಚಿಕೊಳ್ಳಲು ಸರಾಸರಿ ಒಂದು ಕೋಟಿ ವರ್ಷ ಬೇಕು. ಆದರೂ ವಿಶ್ವದಲ್ಲಿ ಎಲ್ಲಕ್ಕಿಂತ ಹೆಚ್ಚಾಗಿರುವುದು ಹೈಡ್ರೋಜನ್ ಆದ್ದರಿಂದ ಆಕಾಶವೆಲ್ಲ ಈ ಅಲೆಯಿಂದ ತುಂಬಿದೆ. ಡಚ್ ವಿಜ್ಞಾನಿ ಹೆಂಡ್ರಿಕ್ ಫಾನ್ ಡೆ ಹುಲ್ಸ್ಟ್ 1944ರಲ್ಲಿ ಇದನ್ನು ಮುನ್ನುಡಿದಿದ್ದರು. 1951ರ ಮಾರ್ಚ್‌ನಲ್ಲಿ ಹಾರ್ವರ್ಡ್‌ನ ಹೆರಾಲ್ಡ್ ಯೂವೆನ್ ಮತ್ತು ಎಡ್ವರ್ಡ್ ಪರ್ಸೆಲ್ ಪತ್ತೆ ಮಾಡಿದರು. ಆಕಾಶವನ್ನು ರೇಡಿಯೊದಲ್ಲಿ ನೋಡುವ ಯಾವ ಸಮಾಜಕ್ಕೂ ಈ ಸಂಖ್ಯೆ ಗೊತ್ತಿರಲೇಬೇಕು, ಅದಕ್ಕೆ ಬೇಕಾದ ಗ್ರಾಹಕವೂ ಸಿದ್ಧವಿರಬೇಕು ಎಂಬುದು ಕೊಕೋನಿ ಮತ್ತು ಮಾರಿಸನ್ ವಾದ.

ಪಶ್ಚಿಮ ವರ್ಜೀನಿಯಾದ ಗ್ರೀನ್ ಬ್ಯಾಂಕ್‌ನಲ್ಲಿ ಖಗೋಳವಿಜ್ಞಾನಿ ಫ್ರಾಂಕ್ ಡ್ರೇಕ್ ಅದೇ ಆವೃತ್ತಿಗೆ ತಾವಾಗಿಯೇ ಬಂದಿದ್ದರು. ಅವರ ಕಾರಣದಲ್ಲಿ ಲೌಕಿಕ ಜಾಣ್ಮೆಯೂ ಇತ್ತು: ಅನ್ಯಲೋಕದವರ ಸದ್ದೇ ಇಲ್ಲದಿದ್ದರೆ ಅದೇ ಗ್ರಾಹಕದಿಂದ ಹೈಡ್ರೋಜನ್ ರೇಖೆಯ ಅಧ್ಯಯನವನ್ನಾದರೂ ಮಾಡಬಹುದು, ಖರ್ಚು ವ್ಯರ್ಥವಾಯಿತೆಂದು ಯಾರೂ ಅನ್ನುವಂತಿಲ್ಲ. 1960ರ ಏಪ್ರಿಲ್ 8ರಂದು ಆರಂಭವಾದ ಅವರ ಓಜ್ಮಾ ಯೋಜನೆ 26 ಮೀಟರ್ ಅಗಲದ ಡಿಶ್‌ನಿಂದ ಟೌ ಸೆಟಿ ಮತ್ತು ಎಪ್ಸಿಲಾನ್ ಎರಿಡಾನಿ ನಕ್ಷತ್ರಗಳನ್ನು ಆಲಿಸಿತು. ನೂರು ಹರ್ಟ್ಸ್ ಅಗಲದ ಒಂದೇ ಓಣಿಯನ್ನು ಹೈಡ್ರೋಜನ್ ರೇಖೆಯ ಸುತ್ತ 400 ಕಿಲೋಹರ್ಟ್ಸ್ ಉದ್ದಕ್ಕೆ ನಿಧಾನವಾಗಿ ಸರಿಸುತ್ತ ಹೋಗುವುದು ಅದರ ಕ್ರಮ. ಸಂಕೇತ ಸಿಗಲಿಲ್ಲ.

ಹೈಡ್ರೋಜನ್ ರೇಖೆಯ ಮೇಲೆಯೇ ನಿಲ್ಲುವುದಕ್ಕೆ ಆಕ್ಷೇಪಗಳು ಬೇಗನೆ ಎದ್ದವು. ಅಲ್ಲಿ ಹೈಡ್ರೋಜನ್‌ನದೇ ಗದ್ದಲವಿದೆ ಎಂಬುದು ಒಂದು. ಅದಕ್ಕಿಂತ ಗಂಭೀರವಾದದ್ದು ಇನ್ನೊಂದು: ಖಗೋಳವಿಜ್ಞಾನಕ್ಕೆ ಇಷ್ಟು ಬೆಲೆಬಾಳುವ ರೇಖೆಯ ಮೇಲೆ ಯಾರು ತಾನೆ ಪ್ರಸಾರ ಮಾಡುತ್ತಾರೆ? ಭೂಮಿಯಲ್ಲಿ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ನಿಯಮ 1,400ರಿಂದ 1,427 ಮೆಗಾಹರ್ಟ್ಸ್‌ವರೆಗೆ ಎಲ್ಲ ಪ್ರಸಾರಗಳನ್ನೂ ನಿಷೇಧಿಸಿದೆ. ಬೇರೆಯವರು ಯಾವ ಆವೃತ್ತಿಯಲ್ಲಿ ಮಾತಾಡಲಿ ಎಂದು ಮನುಷ್ಯರು ಬಯಸಿದರೋ ಅದರಲ್ಲಿ ತಾವು ಬಾಯಿ ಬಿಡುವುದು ಕಾನೂನುಬಾಹಿರ.

ಇದಕ್ಕೆ ಬಂದ ಪರಿಹಾರಗಳಲ್ಲಿ ಹೆಚ್ಚು ಹೆಸರಾದದ್ದು ಎಂಜಿನಿಯರ್ ಬರ್ನಾರ್ಡ್ ಆಲಿವರ್ ಅವರದು. ಅನ್ಯಲೋಕದ ಸಂಕೇತಗಳ ಹುಡುಕಾಟದ ಬಗೆಗಿನ 1971ರ ಸೈಕ್ಲಾಪ್ಸ್ ಅಧ್ಯಯನದಲ್ಲಿ ಅವರು ಹೈಡ್ರೋಜನ್ ರೇಖೆಯಿಂದ ಹೈಡ್ರಾಕ್ಸಿಲ್ ರೇಖೆಗಳವರೆಗಿನ, ಅಂದರೆ ಸುಮಾರು 1,420ರಿಂದ 1,660 ಮೆಗಾಹರ್ಟ್ಸ್‌ವರೆಗಿನ ಪಟ್ಟಿಯನ್ನು ಸೂಚಿಸಿದರು. ಹೈಡ್ರಾಕ್ಸಿಲ್ ಎಂದರೆ ಒಂದು ಆಮ್ಲಜನಕ, ಒಂದು ಹೈಡ್ರೋಜನ್ ಪರಮಾಣುಗಳ ಜೋಡಿ; ಅದಕ್ಕೆ ಇನ್ನೊಂದು ಹೈಡ್ರೋಜನ್ ಕೂಡಿದರೆ ನೀರು. ಪ್ರಾಣಿಗಳು ನೀರಿನ ಹೊಂಡದ ಬಳಿ ಸೇರುವಂತೆ ನಾಗರಿಕತೆಗಳೂ ಇಲ್ಲಿ ಸೇರಲಿ ಎಂಬ ಆಶಯದಿಂದ ಈ ಪಟ್ಟಿಗೆ 'ವಾಟರ್ ಹೋಲ್' ಎಂಬ ಹೆಸರು ನಿಂತಿತು. ಪಟ್ಟಿ ಕಣಿವೆಯ ತಣ್ಣನೆಯ ತಳದಲ್ಲಿದೆ ಎಂಬುದು ಗಟ್ಟಿಯಾದ ಕಾರಣ. ನೀರಿನ ಮಾತು ಕಾವ್ಯ. ನೀರನ್ನು ನೆಚ್ಚಿದ ಜೀವಿಗಳಿಗಷ್ಟೇ ಅದು ಹೊಳೆಯಬಹುದು. ಬೇರೆ ಸಲಹೆಗಳೂ ಇದ್ದವು. ಹೈಡ್ರೋಜನ್ ಆವೃತ್ತಿಯನ್ನು ಪೈ ಸಂಖ್ಯೆಯಿಂದ ಗುಣಿಸಿದರೆ ಬರುವ 4,462 ಮೆಗಾಹರ್ಟ್ಸ್‌ನಲ್ಲಿ ನೈಸರ್ಗಿಕ ಗದ್ದಲವಿಲ್ಲ, ಗಣಿತದ ಗುರುತಿದೆ ಎಂಬ ತರ್ಕದಿಂದ ಡೇವಿಡ್ ಬ್ಲೇರ್ ಆಸ್ಟ್ರೇಲಿಯಾದ ಪಾರ್ಕ್ಸ್ ದೂರದರ್ಶಕದಲ್ಲಿ ಹುಡುಕಿದರು. ರಷ್ಯದ ನಿಕೊಲಾಯ್ ಕಾರ್ದಾಶೆವ್ 1979ರಲ್ಲಿ ಎಲೆಕ್ಟ್ರಾನ್ ಮತ್ತು ಪಾಸಿಟ್ರಾನ್ ಜೋಡಿಯ 203 ಗಿಗಾಹರ್ಟ್ಸ್ ರೇಖೆಯನ್ನು ಮುಂದಿಟ್ಟರು. ಇಂಥ ಸಂಖ್ಯೆಗಳಿಗೆ 'ಮಾಯಾ ಆವೃತ್ತಿ' ಎಂಬ ಹೆಸರು ಬಂದಿದೆ. ಮಾಯೆಯ ತೊಂದರೆ ಎಂದರೆ ಅದು ಒಂದೇ ಆಗಿ ಉಳಿಯದಿರುವುದು. ನಿಲ್ದಾಣಗಳು ಹತ್ತಾದರೆ ಸಂಧಿಸುವ ಜಾಗಕ್ಕೆ ಅರ್ಥವಿಲ್ಲ.

ಆವೃತ್ತಿ ನಿಶ್ಚಯವಾದರೂ ಚಲನೆ ಅದನ್ನು ಕದಲಿಸುತ್ತದೆ. ಸೂರ್ಯನ ಸುತ್ತ ಸೆಕೆಂಡಿಗೆ 30 ಕಿಲೋಮೀಟರ್ ಓಡುವ ಭೂಮಿಯ ಮೇಲೆ, ಡಾಪ್ಲರ್ ಪರಿಣಾಮದಿಂದ 1,420 ಮೆಗಾಹರ್ಟ್ಸ್ ಸಂಕೇತ ವರ್ಷದಲ್ಲಿ ಎರಡೂ ಕಡೆಗೆ ಸುಮಾರು 142 ಕಿಲೋಹರ್ಟ್ಸ್‌ವರೆಗೆ ಸರಿಯಬಲ್ಲದು. ಇಡೀ ಸೌರವ್ಯೂಹ ವಿಶ್ವದ ಹಿನ್ನೆಲೆ ವಿಕಿರಣಕ್ಕೆ ಹೋಲಿಸಿದರೆ ಸೆಕೆಂಡಿಗೆ ಸುಮಾರು 370 ಕಿಲೋಮೀಟರ್ ವೇಗದಲ್ಲಿ ಸಾಗುತ್ತಿದೆ. ಅದರ ಲೆಕ್ಕದಲ್ಲಿ ಸರಿಯುವಿಕೆ ಒಂದೂ ಮುಕ್ಕಾಲು ಮೆಗಾಹರ್ಟ್ಸ್. ಭೂಮಿ ತನ್ನ ಸುತ್ತ ತಿರುಗುವುದರಿಂದ ಸಂಕೇತ ಕೇಳುತ್ತಿರುವಾಗಲೇ ಪ್ರತಿ ಸೆಕೆಂಡಿಗೆ 0.16 ಹರ್ಟ್ಸ್‌ವರೆಗೆ ಜಾರುತ್ತದೆ. ಹಾಗಾದರೆ 'ಹೈಡ್ರೋಜನ್ ಆವೃತ್ತಿ' ಎಂದರೆ ಯಾರ ಲೆಕ್ಕದ ಆವೃತ್ತಿ? ಹಾರ್ವರ್ಡ್‌ನ ಪಾಲ್ ಹೊರೊವಿಟ್ಸ್ 1985ರಲ್ಲಿ ಆರಂಭಿಸಿದ ಮೆಟಾ ಯೋಜನೆಯಲ್ಲಿ 0.05 ಹರ್ಟ್ಸ್ ಅಗಲದ 84 ಲಕ್ಷ ಓಣಿಗಳಿದ್ದವು. ಎಲ್ಲ ಸೇರಿಯೂ ಸುಮಾರು 400 ಕಿಲೋಹರ್ಟ್ಸ್ ಅಷ್ಟೇ. ಹಾಗಾಗಿ ಕಳಿಸುವವರು ತಮ್ಮ ಚಲನೆಯನ್ನು ಕಳೆದು ಎಲ್ಲರಿಗೂ ಸಮಾನವಾದ ಯಾವುದೋ ಒಂದು ಚೌಕಟ್ಟಿಗೆ ಆವೃತ್ತಿಯನ್ನು ಹೊಂದಿಸಿರುತ್ತಾರೆ ಎಂದು ಭಾವಿಸಬೇಕಾಯಿತು. ಸೂರ್ಯನ ನೆರೆಯ ನಕ್ಷತ್ರಗಳ ಸರಾಸರಿ ಚಲನೆ, ಗ್ಯಾಲಕ್ಸಿಯ ಕೇಂದ್ರ, ಹಿನ್ನೆಲೆ ವಿಕಿರಣ: ಈ ಮೂರು ಚೌಕಟ್ಟುಗಳಲ್ಲಿ ಹುಡುಕಾಟ ನಡೆಯಿತು. ಒಂದು ಊಹೆಗೆ ಇನ್ನೊಂದು ಊಹೆ ಊರುಗೋಲಾಯಿತು. ಐದು ವರ್ಷಗಳ ಆಲಿಕೆಯಲ್ಲಿ ಕಂಡ ಕೆಲವು ಡಜನ್ ಸಂದೇಹಾಸ್ಪದ ಸಂಕೇತಗಳಲ್ಲಿ ಒಂದೂ ಮರುಕಳಿಸಲಿಲ್ಲ.

ಕಳಿಸುವವರು ನಿಜಕ್ಕೂ ಹೇಗೆ ಆಯ್ಕೆ ಮಾಡುತ್ತಾರೆ ಎಂಬುದಕ್ಕೆ ಸಿಗುವ ಉದಾಹರಣೆ ಒಂದೇ ಜಾತಿಯದು, ಮನುಷ್ಯನದು. 1974ರ ನವೆಂಬರ್ 16ರಂದು ಪೋರ್ಟೊ ರಿಕೊದ ಅರೆಸಿಬೊ ದೂರದರ್ಶಕದಿಂದ ಎಂ13 ತಾರಾಗುಚ್ಛದ ಕಡೆಗೆ 1,679 ಬಿಟ್‌ಗಳ ಸಂದೇಶ ಹೋಯಿತು. ಅದನ್ನು ರೂಪಿಸಿದವರಲ್ಲಿ ಮುಖ್ಯರು ಡ್ರೇಕ್, ಹೈಡ್ರೋಜನ್ ರೇಖೆಯಲ್ಲಿ ಮೊದಲು ಆಲಿಸಿದವರೇ. ಆದರೆ ಸಂದೇಶ ಹೋದದ್ದು 2,380 ಮೆಗಾಹರ್ಟ್ಸ್‌ನಲ್ಲಿ, ಏಕೆಂದರೆ ಗ್ರಹಗಳನ್ನು ಅಳೆಯಲು ಅಲ್ಲಿ ಹೂಡಿದ್ದ ರಾಡಾರ್ ಪ್ರಸಾರಕದ ಆವೃತ್ತಿ ಅದು. 1999 ಮತ್ತು 2003ರಲ್ಲಿ ಕ್ರೈಮಿಯಾದ ಯೆವ್ಪಟೋರಿಯಾದಿಂದ ಹೋದ ಸಂದೇಶಗಳೂ ಅಲ್ಲಿನ ಗ್ರಹ ರಾಡಾರಿನ 5 ಗಿಗಾಹರ್ಟ್ಸ್ ಆಸುಪಾಸಿನಲ್ಲೇ ಹೋದವು. ಮಾಯಾ ಆವೃತ್ತಿಯ ವಾದಕ್ಕೆ ಇದಕ್ಕಿಂತ ದೊಡ್ಡ ಪೆಟ್ಟು ಬೇರೆ ಬೇಕಿಲ್ಲ. ಹೇಳುವ ಸರದಿ ಬಂದಾಗ ಮನುಷ್ಯ ಕೈಯಲ್ಲಿದ್ದ ಉಪಕರಣವನ್ನೇ ಬಳಸಿದ.

ಕಳಿಸುವವರ ಆವೃತ್ತಿ ಮೊದಲೇ ಗೊತ್ತಿರುವ ಕಡೆ ಕೆಲಸ ಎಷ್ಟು ಹಗುರವೆಂಬುದು ಬೆಂಗಳೂರಿನ ಹತ್ತಿರದ ಬ್ಯಾಲಾಳುವಿನಲ್ಲಿ ಕಾಣುತ್ತದೆ. ಚಂದ್ರಯಾನ-1ಕ್ಕಾಗಿ ಇಸ್ರೊ ಅಲ್ಲಿ ನಿಲ್ಲಿಸಿದ 32 ಮೀಟರ್ ಡಿಶ್ ದೂರದ ನೌಕೆಗಳನ್ನು ಎಸ್ ಮತ್ತು ಎಕ್ಸ್ ಬ್ಯಾಂಡ್‌ಗಳಲ್ಲಿ ಆಲಿಸುತ್ತದೆ. ಆಳ ಬಾಹ್ಯಾಕಾಶದಿಂದ ಬರುವ ಸಂಕೇತಗಳಿಗೆ ಜಗತ್ತಿನಾದ್ಯಂತ 2,290ರಿಂದ 2,300 (ಎಸ್) ಹಾಗೂ 8,400ರಿಂದ 8,450 (ಎಕ್ಸ್) ಮೆಗಾಹರ್ಟ್ಸ್ ಪಟ್ಟಿಗಳು ಮೀಸಲು. ಡಾಪ್ಲರ್ ಸರಿಯುವಿಕೆ ಎಷ್ಟೆಂದು ಪಥದ ಲೆಕ್ಕದಿಂದ ಮೊದಲೇ ತಿಳಿದಿರುತ್ತದೆ. ಡಿಶ್‌ನ ಅಳತೆ ಬದಲಾಗದಿದ್ದರೆ ಆವೃತ್ತಿಯ ವರ್ಗಕ್ಕೆ ತಕ್ಕಂತೆ ಅಲೆ ಹೆಚ್ಚು ಬಿಗಿಯಾದ ಕಿರಣವಾಗಿ ಹೊರಡುತ್ತದೆ. ಎಸ್ ಬ್ಯಾಂಡ್‌ನಿಂದ ಎಕ್ಸ್‌ಗೆ ಏರಿದರೆ ಗಳಿಕೆ ಸುಮಾರು 13 ಪಟ್ಟು. ಅನ್ಯಲೋಕದ ತಂತ್ರಜ್ಞರೂ ಇದೇ ಲೆಕ್ಕ ಹಾಕಿ ಕಣಿವೆಯ ಮೇಲಂಚಿಗೆ ಸರಿದಿರಬಹುದೆಂಬ ವಾದವನ್ನು ತಳ್ಳಿಹಾಕುವಂತಿಲ್ಲ. ಗ್ರೀನ್ ಬ್ಯಾಂಕ್‌ನ ಈಚಿನ ಹುಡುಕಾಟದ ಯಂತ್ರಗಳನ್ನು ಪರೀಕ್ಷಿಸಲು ಬಳಸಿದ್ದು ಎಕ್ಸ್ ಬ್ಯಾಂಡ್‌ನಲ್ಲಿ ಬರುವ ವಾಯೇಜರ್-1 ನೌಕೆಯ ಕ್ಷೀಣ ಸಂಕೇತವನ್ನೇ.

ಊಹೆಯ ಭಾರವನ್ನು ಕೊನೆಗೆ ಇಳಿಸಿದ್ದು ಗಣಕಯಂತ್ರ. ಓಣಿಗಳನ್ನು ಏಕಕಾಲಕ್ಕೆ ಎಣಿಸುವ ಸಾಮರ್ಥ್ಯ ಬೆಳೆದಂತೆ ಒಂದು ರೇಖೆಗೆ ಅಂಟಿಕೊಳ್ಳುವ ಅಗತ್ಯ ಕುಗ್ಗಿತು. 1992ರ ಅಕ್ಟೋಬರ್ 12ರಂದು ನಾಸಾ ಆರಂಭಿಸಿದ ಸಮೀಕ್ಷೆ 1ರಿಂದ 10 ಗಿಗಾಹರ್ಟ್ಸ್ ಕಣಿವೆಯನ್ನೇ ಗುರಿಯಾಗಿಟ್ಟುಕೊಂಡಿತ್ತು. ಮರುವರ್ಷ ಅಮೆರಿಕದ ಸಂಸತ್ತು ಅದರ ಹಣ ನಿಲ್ಲಿಸಿತು. ಖಾಸಗಿ ನೆರವಿನಿಂದ ಮುಂದುವರಿದ ಫೀನಿಕ್ಸ್ ಯೋಜನೆ 1995ರಿಂದ 2004ರವರೆಗೆ ಸುಮಾರು 800 ನಕ್ಷತ್ರಗಳನ್ನು 1,200ರಿಂದ 3,000 ಮೆಗಾಹರ್ಟ್ಸ್‌ವರೆಗೆ ಜಾಲಾಡಿತು. ಮನೆಮನೆಯ ಗಣಕಗಳನ್ನು ಜೊತೆಗೂಡಿಸಿ ಹೆಸರಾದ 'ಸೆಟಿ ಅಟ್ ಹೋಮ್' ಮಾತ್ರ 1,420ರ ಸುತ್ತಲಿನ ಎರಡೂವರೆ ಮೆಗಾಹರ್ಟ್ಸ್‌ನಲ್ಲೇ ಉಳಿಯಿತು. 2015ರಲ್ಲಿ ಘೋಷಣೆಯಾದ ಬ್ರೇಕ್‌ಥ್ರೂ ಲಿಸನ್ ಕಾರ್ಯಕ್ರಮ ಗ್ರೀನ್ ಬ್ಯಾಂಕ್‌ನ ದೊಡ್ಡ ದೂರದರ್ಶಕದಲ್ಲಿ ಸುಮಾರು 1ರಿಂದ 12 ಗಿಗಾಹರ್ಟ್ಸ್‌ವರೆಗೆ ಆಲಿಸಿದೆ.

ಹೀಗೆ 'ಅವರು ಯಾವುದನ್ನು ಆರಿಸಿಯಾರು' ಎಂಬ ಪ್ರಶ್ನೆ ಹಿಂದೆ ಸರಿದಂತೆ 'ನಾವು ಯಾವುದನ್ನು ಉಳಿಸಿದ್ದೇವೆ' ಎಂಬುದು ಮುಂದೆ ಬಂತು. ಜಿಪಿಎಸ್ ಉಪಗ್ರಹಗಳ 1575.42 ಮೆಗಾಹರ್ಟ್ಸ್ ಸಂಕೇತ ವಾಟರ್ ಹೋಲ್‌ನ ಒಳಗೇ ಇದೆ. ರಷ್ಯದ ಗ್ಲೋನಾಸ್ ಮತ್ತು ಇರಿಡಿಯಂ ಫೋನ್ ಉಪಗ್ರಹಗಳೂ 1,600ರ ಆಸುಪಾಸಿನಲ್ಲಿ ಅದೇ ಹೊಂಡಕ್ಕೆ ಇಳಿದಿವೆ. ಇಸ್ರೊದ ನಾವಿಕ್ ವ್ಯವಸ್ಥೆ 1176.45 ಮತ್ತು 2492.028 ಮೆಗಾಹರ್ಟ್ಸ್‌ಗಳನ್ನು ಬಳಸುತ್ತದೆ. ವೈ-ಫೈ, ಮೊಬೈಲ್, ವಿಮಾನದ ರಾಡಾರ್ ಎಲ್ಲವೂ ಕಣಿವೆಯಲ್ಲಿ ಜಾಗ ಹಿಡಿದಿವೆ. ಪಾರ್ಕ್ಸ್‌ನಲ್ಲಿ 1.4 ಗಿಗಾಹರ್ಟ್ಸ್ ಸುತ್ತ ವರ್ಷಗಳ ಕಾಲ ಕಾಡಿದ ವಿಚಿತ್ರ ಮಿಡಿತಗಳು, ವೀಕ್ಷಣಾಲಯದ ಸಿಬ್ಬಂದಿ ಮೈಕ್ರೊವೇವ್ ಒಲೆಯ ಬಾಗಿಲನ್ನು ಅವಸರದಲ್ಲಿ ತೆರೆದಾಗ ಹೊಮ್ಮಿದವೆಂದು 2015ರಲ್ಲಿ ಬಯಲಾಯಿತು.

ಇಂಥ ಗದ್ದಲದಲ್ಲಿ ಆವೃತ್ತಿಯೇ ಸಾಕ್ಷ್ಯದ ಭಾಗವಾಗುತ್ತದೆ. 1977ರ ಆಗಸ್ಟ್ 15ರಂದು ಒಹಾಯೊದ 'ಬಿಗ್ ಇಯರ್' ದೂರದರ್ಶಕಕ್ಕೆ 72 ಸೆಕೆಂಡು ಕೇಳಿದ, ಜೆರ್ರಿ ಎಹ್ಮನ್ ಮುದ್ರಿತ ಹಾಳೆಯ ಅಂಚಿನಲ್ಲಿ 'ವಾವ್!' ಎಂದು ಬರೆದ ಸಂಕೇತ ಇಂದಿಗೂ ಚರ್ಚೆಯಲ್ಲಿರುವುದಕ್ಕೆ ಅದರ ತೀವ್ರತೆಯಷ್ಟೇ, ಅದು ಹೈಡ್ರೋಜನ್ ರೇಖೆಯ ಪಕ್ಕದಲ್ಲಿ, ಯಾರೂ ಪ್ರಸಾರ ಮಾಡಬಾರದ ಪಟ್ಟಿಯಲ್ಲಿ ಬಂದದ್ದೂ ಕಾರಣ. ಅದು ಮತ್ತೆ ಕೇಳಲಿಲ್ಲ. 2019ರಲ್ಲಿ ಪಾರ್ಕ್ಸ್‌ನಲ್ಲಿ ಪ್ರಾಕ್ಸಿಮಾ ಸೆಂಟಾರಿಯ ದಿಕ್ಕಿನಿಂದ ಬಂದಂತೆ ಕಂಡ ಇನ್ನೊಂದು ಸಂಕೇತದ ಆವೃತ್ತಿ 982.002 ಮೆಗಾಹರ್ಟ್ಸ್. ನಕ್ಷತ್ರದ ಕಡೆ ಡಿಶ್ ತಿರುಗಿಸಿದಾಗ ಕಂಡು, ಬೇರೆಡೆ ತಿರುಗಿಸಿದಾಗ ಮಾಯವಾಗಿ ಅದು ಮೊದಲ ಪರೀಕ್ಷೆಯನ್ನು ಗೆದ್ದಿತ್ತು. ಆದರೆ ಅದೇ ಬಗೆಯ ಸಂಕೇತಗಳು, ಎಲೆಕ್ಟ್ರಾನಿಕ್ ಉಪಕರಣಗಳ ಗಡಿಯಾರ ಸ್ಫಟಿಕಗಳಿಗೆ ಹೊಂದುವ ಅಂತರಗಳಲ್ಲಿ ಬೇರೆ ಆವೃತ್ತಿಗಳಲ್ಲೂ ಸಿಕ್ಕವು. ಮೂಲ ಭೂಮಿಯದೇ ಎಂಬ ತೀರ್ಮಾನ 2021ರಲ್ಲಿ ಪ್ರಕಟವಾಯಿತು.

ಆವೃತ್ತಿಯನ್ನು ಆರಿಸುವ ಸ್ವಾತಂತ್ರ್ಯವೇ ಇಲ್ಲದ ಆಲಿಕೆಯೂ ಒಂದಿದೆ, ಅದರಲ್ಲಿ ಕರ್ನಾಟಕದ ಪಾಲು ದೊಡ್ಡದು. ಮೊದಲ ನಕ್ಷತ್ರಗಳು ಹುಟ್ಟಿದ ಕಾಲದ ಹೈಡ್ರೋಜನ್ ಹೊಮ್ಮಿಸಿದ ಅದೇ 1,420 ಮೆಗಾಹರ್ಟ್ಸ್ ಅಲೆ, ವಿಶ್ವದ ಹಿಗ್ಗುವಿಕೆಯಿಂದ ಎಳೆದುಕೊಂಡು ಇಂದು ನೂರು ಮೆಗಾಹರ್ಟ್ಸ್‌ಗಿಂತ ಕೆಳಗೆ ತಲುಪುತ್ತದೆ. ಅಲ್ಲಿ ಆಕಾಶಗಂಗೆಯ ಗದ್ದಲ ಅತಿಯಾಗಿದೆ, 88ರಿಂದ 108ರವರೆಗೆ ಎಫ್‌ಎಂ ಪ್ರಸಾರವಿದೆ. ಆದರೂ ಭೌತನಿಯಮ ತೋರಿಸಿದ ಜಾಗದಲ್ಲೇ ಕೇಳಬೇಕು. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆ ತನ್ನ ಸರಸ್-3 ಗ್ರಾಹಕವನ್ನು 2020ರಲ್ಲಿ ದಂಡಿಗಾನಹಳ್ಳಿ ಕೆರೆಯ ಮೇಲೂ ಶರಾವತಿ ಹಿನ್ನೀರಿನ ಮೇಲೂ ತೇಲಿಬಿಟ್ಟಿತು. ಆಂಟೆನಾದ ಕೆಳಗೆ ಕಲ್ಲುಮಣ್ಣಿನ ಪದರಗಳ ಬದಲು ಸಮನಾದ ನೀರಿದ್ದರೆ ಅಳತೆ ಕೆಡುವುದಿಲ್ಲ. 55ರಿಂದ 85 ಮೆಗಾಹರ್ಟ್ಸ್‌ವರೆಗೆ ಆಲಿಸಿದ ಸರಸ್-3, ಅಮೆರಿಕದ ಎಡ್ಜಸ್ ತಂಡ 2018ರಲ್ಲಿ 78 ಮೆಗಾಹರ್ಟ್ಸ್ ಬಳಿ ಕಂಡೆವೆಂದ ಆ ಹೈಡ್ರೋಜನ್ ಅಲೆಯ ಗುರುತು ಅಲ್ಲಿಲ್ಲವೆಂದು ಶೇಕಡ 95.3ರ ವಿಶ್ವಾಸದಿಂದ 2022ರಲ್ಲಿ ವರದಿ ಮಾಡಿತು.

ಪುಣೆ ಬಳಿಯ ಖೋದಾಡ್‌ನಲ್ಲಿ ರೇಡಿಯೊ ಖಗೋಳವಿಜ್ಞಾನಿ ಗೋವಿಂದ ಸ್ವರೂಪ್ ಕಟ್ಟಿಸಿದ 30 ಡಿಶ್‌ಗಳ ಜಿಎಂಆರ್‌ಟಿ ದೂರದರ್ಶಕವನ್ನು ಕೆಳ ಆವೃತ್ತಿಗಳಿಗೆ ಮೀಸಲಿಟ್ಟದ್ದರ ಹಿಂದೆ, ಆ ಪಟ್ಟಿಗಳಲ್ಲಿ ಭಾರತದಲ್ಲಿ ಮನುಷ್ಯಕೃತ ಗದ್ದಲ ಕಡಿಮೆ ಎಂಬ ಲೆಕ್ಕವೂ ಇತ್ತು. ಅಂಥ ಲೆಕ್ಕ ಈಗ ಎಲ್ಲೆಡೆ ಬಿಗಿಯಾಗುತ್ತಿದೆ. ಅಮೆರಿಕ 1958ರಲ್ಲೇ ಗ್ರೀನ್ ಬ್ಯಾಂಕ್ ಸುತ್ತ ಸುಮಾರು 34,000 ಚದರ ಕಿಲೋಮೀಟರ್ ಮೌನವಲಯ ಘೋಷಿಸಿತು, ಆದರೆ ನೆಲದ ಮೇಲಿನ ಕಾನೂನು ತಲೆಯ ಮೇಲೆ ಹಾಯುವ ಉಪಗ್ರಹಕ್ಕೆ ನಾಟುವುದಿಲ್ಲ. ಉಳಿದದ್ದು ಚಂದ್ರನ ಆಚೆ ಬದಿ. ಅಲ್ಲಿ ಭೂಮಿಯ ಪ್ರಸಾರವೂ ತಲುಪದು, ಅಯಾನುಗೋಳದ ಅಡ್ಡಿಯೂ ಇಲ್ಲದಿರುವುದರಿಂದ 10 ಮೆಗಾಹರ್ಟ್ಸ್‌ಗಿಂತ ಕೆಳಗೂ ಕೇಳಬಹುದು. ಫ್ರಾನ್ಸಿನ ಜಾನ್ ಹೈಡ್‌ಮನ್ ಇಂಥ ಆಲಿಕೆಗೆಂದು ಸೂಚಿಸಿದ್ದು ಭೌತವಿಜ್ಞಾನಿ ಮೇಘನಾದ ಸಹಾ ಅವರ ಹೆಸರಿನ ಸಹಾ ಕುಳಿಯನ್ನು. ಆ ಬದಿಗೆ ಅಡಚಣೆ ಮಾಡಬಾರದೆಂದು ದೂರಸಂಪರ್ಕ ಒಕ್ಕೂಟದ ನಿಯಮಾವಳಿಯಲ್ಲಿ ಈಗಾಗಲೇ ಒಂದು ವಿಧಿಯಿದೆ. 2019ರ ಜನವರಿಯಲ್ಲಿ ಚೀನಾದ ಚಾಂಗ್'ಎ-4 ನೌಕೆ ಅಲ್ಲಿ ಇಳಿದಾಗ ಅದರೊಂದಿಗೆ ಮಾತಾಡಲು ಚ್ಯೂಚ್ಯಾವ್ ಎಂಬ ಮರುಪ್ರಸಾರ ಉಪಗ್ರಹ ಎಕ್ಸ್ ಬ್ಯಾಂಡ್‌ನಲ್ಲಿ ಕೆಲಸ ಆರಂಭಿಸಿತ್ತು. ಮುಂದಿನ ನೌಕೆಗಳಿಗೂ ಇಂಥ ಉಪಗ್ರಹಗಳು ಬೇಕು. ಅವುಗಳಿಗೆ ಯಾವ ಪಟ್ಟಿಗಳನ್ನು ಕೊಡಬೇಕು, ಯಾವುದನ್ನು ಬಿಡಬೇಕು ಎಂಬ ಚರ್ಚೆ ಒಕ್ಕೂಟದ ಸಭೆಗಳಲ್ಲಿ ನಡೆದಿದೆ.